ತಿಪ್ಪಿಯ ಅರ್ಜಿಯೂ ಜರ್ಮನಿಯ ಬಿಂಡೆವೋರ್ಟೂ

ಹದಿನೆಂಟು ವರ್ಷಗಳ ಹಿಂದೆ ನಾನು ಒಂದು ಅರ್ಜಿಯನ್ನು ಚಳ್ಳಕೆರೆಗೆ ತಲುಪಿಸಬೇಕಿತ್ತು. ತಲುಪಿಸಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನೇಕಾರ. ಬದುಕಿನಲ್ಲಿ ಒಂದೇ ಸಲ ಪರದೇಶ ಕಂಡು ಬಂದಿದ್ದೇನೆ, ಅಲ್ಲಿಯ ಒಳ್ಳೆಯದನ್ನೆಲ್ಲ ನಮ್ಮ ಕಡೆಯವರಿಗೆ ಹೇಳುವ ಆಸೆಯಿದೆ. ಆದರೆ ಈ ಅರ್ಜಿಯ ಮಾತು ಹೇಳದೆ ಉಳಿದದ್ದನ್ನು ಹೇಳಹೊರಟರೆ ಹಾಸು ಹೂಡದೆ ಲಾಳಿ ಎಸೆದಂತಾಗುತ್ತದೆ.

ಅರ್ಜಿ ನನ್ನ ತಂಗಿ ತಿಪ್ಪಮ್ಮನದು. ಮೊಳಕಾಲ್ಮುರಿನ ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದ ಮೊದಲ ಹುಡುಗಿ ಅವಳು. ಚಳ್ಳಕೆರೆಯ ಕಾಲೇಜಿನಲ್ಲಿ ವಿಜ್ಞಾನ ಓದಬೇಕು, ಅಲ್ಲೇ ಹಾಸ್ಟೆಲಿನಲ್ಲಿರಬೇಕು ಎಂದು ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ತುಂಬಿದ್ದಳು. ಅರ್ಜಿ ಕೊಡಲು ಅಂದೇ ಕೊನೆಯ ದಿನ. ಮಗ್ಗದ ಮೇಲೆ ಹಳೆಯ ಹಾಸು, ಎಂದರೆ ಉದ್ದಕ್ಕೆ ಹೂಡಿದ ಎಳೆಗಳು, ಮುಗಿದು ಹೊಸದನ್ನು ಕೂಡಿಸುವ ಕೆಲಸವಿತ್ತು. ನಮ್ಮಲ್ಲಿ ಮಗ್ಗವನ್ನು ಬರಿದು ಬಿಡುವುದಿಲ್ಲ. ಹಳೆಯ ಹಾಸಿನ ತುದಿಗಳು ಹಣಿಗೆಯ ಹಲ್ಲುಗಳಲ್ಲಿ ಉಳಿದಿರುತ್ತವೆ. ಅವುಗಳ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಹಣಿಗೆಯಲ್ಲಿ ಸಿಕ್ಕಿಕೊಂಡು ರೇಷ್ಮೆ ಹರಿಯುತ್ತದೆ. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಎರಡೂ ತುದಿಗಳನ್ನು ಹೊಸೆಯಬೇಕು. ಸಾವಿರಾರು ಎಳೆ. ಆ ಕೆಲಸಕ್ಕೆ ತಿಪ್ಪಿಯ ಬೆರಳಿನಂಥ ಬೆರಳು ಬೀದಿಯಲ್ಲೇ ಇರಲಿಲ್ಲ.

"ನಾನು ಇಲ್ಲಿ ಕೂಡಿಸ್ತಿರ್ತೀನಿ, ನೀನು ಕೊಟ್ಟು ಬಾರಣ್ಣ" ಎಂದಳು.

ನಾನು ಹೋದೆ. ಚಳ್ಳಕೆರೆ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕಾಲೇಜು ಮುಚ್ಚುವ ಹೊತ್ತಿನ ತನಕ ಕುಳಿತಿದ್ದೆ. ಶೇಂಗಾ ಎಣ್ಣೆ ಮಿಲ್ಲುಗಳ ವಾಸನೆ ಬರುತ್ತಿತ್ತು. ಇವಳು ಹೋದರೆ ಎಳೆ ಕೂಡಿಸುವವರು ಯಾರು ಎಂಬುದು ಒಂದು ಯೋಚನೆ. ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ಸಂಜೆ ಮನೆಗೆ ಬಂದು, "ಈ ಮಾರ್ಕ್ಸಿಗೆ ಸೀಟು ಸಿಗಲ್ಲ, ಅರ್ಜಿನೂ ತಗಳಲ್ಲ ಅಂದ್ರು" ಎಂದೆ. ಅವಳು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಹೌದಾ?" ಎಂದಳು, ಅಷ್ಟೇ. ಅರ್ಜಿಯನ್ನು ಒಲೆಗೆ ಹಾಕಿದೆ. ಮರುದಿನ ಅದೇ ಒಲೆಯ ಬೂದಿಯನ್ನು ಅವಳ ಬಟ್ಟಲಿಗೆ ತುಂಬಿಕೊಟ್ಟೆ.

ಎರಡು ವರ್ಷ ಅವಳು ಎಳೆ ಹೊಸೆದಳು. ಆಮೇಲೆ ಅವ್ವನಿಗೆ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದಾಗ ಅಲ್ಲಿಯ ಸಿಸ್ಟರೊಬ್ಬರು ಅವಳ ಕೈಚಳಕ ನೋಡಿ ದಾರಿ ತೋರಿಸಿದರು. ಮನೆಯಲ್ಲೇ ಓದಿ ಪಿಯುಸಿ ಕಟ್ಟಿದಳು, ಚಿತ್ರದುರ್ಗದಲ್ಲಿ ನರ್ಸಿಂಗ್ ಮಾಡಿದಳು, ದಾವಣಗೆರೆಯಲ್ಲಿ ಕೆಲಸ ಮಾಡುತ್ತಲೇ ಜರ್ಮನ್ ಕಲಿತು ಹಾರಿಬಿಟ್ಟಳು. ಈ ವರ್ಷ, "ಅವ್ವಂಗೆ ಅಷ್ಟು ದೂರ ಬರಾಕಾಗಲ್ಲ, ನೀನಾದ್ರೂ ಬಾರಣ್ಣ" ಎಂದು ಟಿಕೆಟ್ ಕಳಿಸಿದಳು.

ಚಳ್ಳಕೆರೆ ಬಸ್ ನಿಲ್ದಾಣ

ಬೆಂಗಳೂರು ಬಸ್ಸು ಹತ್ತಿಸಲು ಪಕ್ಕದ ಮಗ್ಗದ ಓಬಳೇಶ ಚಳ್ಳಕೆರೆ ತನಕ ಬಂದಿದ್ದ. ಬೆಂಚು ಬದಲಾಗಿತ್ತು, ಎಣ್ಣೆಯ ವಾಸನೆ ಹಾಗೇ ಇತ್ತು.

"ಲೇ, ಅಲ್ಲಿ ಪಂಚೆ ಉಟ್ಕಂಡು ಓಡಾಡಿದ್ರೆ ಹಿಡ್ಕಂಡು ಹೋಗ್ತಾರಂತೆ ಕಣಲೇ."

"ಪ್ಯಾಂಟ್ ಹೊಲಿಸೀನಿ ಬಿಡಲೇ."

"ಹೊಲಿಸಿದ್ಯಲ್ಲ, ಹಾಕ್ಕಣದು ಕಲ್ತಿದೀಯಾ? ಜಿಪ್ಪು ಮುಂದಕ್ಕೆ ಬರ್ಬೇಕು, ನೆನಪೈತಲ್ಲ?"

ಮನೆಯಲ್ಲಿ ಅರ್ಧ ತೆಲುಗು ಆಡುವವರು ನಾವು. ಹೊರಡುವಾಗ ಅವ್ವ "ಭದ್ರಂ ರಾ", ಹುಷಾರಪ್ಪ ಎಂದು ತಲೆ ಸವರಿ, ತಂಗಿಗೆ ಕೊಡಲು ಹುರಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ನನ್ನ ಸೊಂಟದ ಚೀಲವನ್ನು ಮನೆಯಲ್ಲಿ ಯಾರೂ ತಪಾಸಣೆ ಮಾಡಿರಲಿಲ್ಲ. ನೇಕಾರನ ಚೀಲದಲ್ಲಿ ಏನಿರುತ್ತದೋ ಅದೇ ಇತ್ತು: ಸಣ್ಣ ಕತ್ತರಿ, ನಾಲ್ಕು ರೇಷ್ಮೆ ಎಳೆ, ಕಾಗದದಲ್ಲಿ ಸುತ್ತಿದ ಬೂದಿ. ಕತ್ತರಿಯನ್ನು ಬೆಂಗಳೂರಿನಲ್ಲೇ ಕಿತ್ತುಕೊಂಡರು. ಬೂದಿ ಜರ್ಮನಿಗೆ ಬಂತು.

ಫ್ರಾಂಕ್‌ಫರ್ಟ್

ವಿಮಾನ ಇಳಿದು ಹೊರಗೆ ಬರುವ ಬಾಗಿಲಲ್ಲಿ ಒಬ್ಬ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದ. ಆರಡಿಯ ಮೇಲಿದ್ದ. ಕಾಗದ ಬಿಚ್ಚಿ, ಬೂದುಬಣ್ಣದ ಪುಡಿ ನೋಡಿ, ಹುಬ್ಬು ಏರಿಸಿದ. ಕೈಗವಸು ಹಾಕಿಕೊಂಡು ಒಂದು ಚೀಟಿಯಿಂದ ಅದನ್ನು ಒರೆಸಿ ಮಾದಕ ಪುಡಿ ಪತ್ತೆಮಾಡುವ ಯಂತ್ರಕ್ಕೆ ಕೊಟ್ಟ. ಅವನ ಮಾತು ನನಗೆ ಬಾರದು, ನನ್ನ ಮಾತು ಅವನಿಗೆ ಬಾರದು. ಕೊನೆಗೆ ಬೆರಳಿಗೆ ಬೂದಿ ಹಚ್ಚಿಕೊಂಡು ಚೀಲದ ರೇಷ್ಮೆ ಎಳೆಗಳಲ್ಲಿ ಎರಡನ್ನು ತೆಗೆದು, ತುದಿಗೆ ತುದಿ ಇಟ್ಟು ಹೊಸೆದು, ಎಳೆದು ತೋರಿಸಿದೆ.

ಅವನು ತಾನೂ ಎಳೆದು ನೋಡಿದ. ಎಳೆ ಬಿಚ್ಚಿಕೊಳ್ಳಲಿಲ್ಲ. ಗಂಟೆಲ್ಲಿ ಎಂದು ಹುಡುಕಿದ. ಪಕ್ಕದ ಹೆಂಗಸು ಅಧಿಕಾರಿಯನ್ನು ಕರೆದು ತೋರಿಸಿದ. ಇಬ್ಬರೂ ಕನ್ನಡಕ ಏರಿಸಿ ಗಂಟು ಹುಡುಕಿದರು. ಯಂತ್ರವೂ ಬೂದಿಯ ಮೇಲೆ ದೂರು ಹೇಳಲಿಲ್ಲ. ಅವನು ಆ ಕಾಗದವನ್ನು ನಾನು ಮಡಚಿದ್ದ ಮಡಿಕೆಗಳಲ್ಲೇ ಮತ್ತೆ ಮಡಚಿ ಎರಡೂ ಕೈಯಲ್ಲಿ ಕೊಟ್ಟ. ನಮ್ಮ ಸೀರೆಯ ವ್ಯಾಪಾರಿಗಳು ಹತ್ತು ಸಾವಿರದ ಸೀರೆಯನ್ನೂ ಅಷ್ಟು ಮರ್ಯಾದೆಯಿಂದ ಮಡಚುವುದಿಲ್ಲ.

ಹೊರಗೆ ಕಾಯುತ್ತಿದ್ದ ತಿಪ್ಪಿ ಸಂಗತಿ ಕೇಳಿ ನಕ್ಕು ನಕ್ಕು ಕೂತುಬಿಟ್ಟಳು. "ಯಾರಾದ್ರೂ ದೇಶ ಬಿಟ್ಟು ದೇಶಕ್ಕೆ ಒಲೆ ಬೂದಿ ತರ್ತಾರೇನಣ್ಣ!"

ಅವಳು ನಕ್ಕದ್ದು ನೋಡಿ ನಾನೂ ನಕ್ಕೆ. ಆದರೆ ಆ ಕಾಗದ ಸೊಂಟದಲ್ಲಿ ಭಾರವಾಯಿತು.

ತಿಪ್ಪಿಯ ಮನೆ, ಭಾನುವಾರ

ಅವಳಿರುವುದು ನದಿಯ ದಂಡೆಯ ಒಂದು ಸಣ್ಣ ಊರು. ನಮ್ಮ ತಾಲ್ಲೂಕಿನ ಬಿ.ಜಿ. ಕೆರೆ ಊರಿಗಿಂತ ಸ್ವಲ್ಪ ದೊಡ್ಡದಿರಬಹುದು. ಅಲ್ಲಿ ನನಗೆ ಮೊದಲು ಕಷ್ಟವಾದದ್ದು ಚಳಿಯಲ್ಲ, ಸದ್ದಿಲ್ಲದಿರುವುದು. ಹುಟ್ಟಿದಾಗಿನಿಂದ ಲಾಳಿಯ ಸದ್ದಿಗೆ ಜೋಂಪು ಹತ್ತುವ ಮನುಷ್ಯ ನಾನು. ಮಧ್ಯಾಹ್ನ ಊಟ ಮಾಡಿ ಮಲಗಿದರೆ ಮೌನಕ್ಕೇ ಎಚ್ಚರವಾಗುತ್ತಿತ್ತು.

ಭಾನುವಾರ ಅವಳು ಕೆಲಸಕ್ಕೆ ಹೋದಾಗ, ನೆರವಾಗೋಣವೆಂದು ಮೂಲೆಯಲ್ಲಿದ್ದ ಖಾಲಿ ಸೀಸೆಗಳನ್ನು ಬೀದಿಯ ತುದಿಯ ಡಬ್ಬಕ್ಕೆ ಹಾಕಲು ಒಯ್ದೆ. ಬಿಳಿಗೊಂದು, ಹಸಿರಿಗೊಂದು, ಕಂದಿಗೊಂದು ಡಬ್ಬ. ಬಣ್ಣ ವಿಂಗಡಿಸುವುದು ನೇಕಾರನಿಗೆ ಹೇಳಿಕೊಡಬೇಕೆ? ಮೊದಲ ಸೀಸೆ ಬಿದ್ದು ಒಡೆದ ಸದ್ದು ಊರಿಗೆಲ್ಲ ಕೇಳಿತು. ಎರಡನೆಯದಕ್ಕೆ ಒಂದು ಕಿಟಕಿ ತೆರೆಯಿತು. ಮೂರನೆಯದಕ್ಕೆ ಮುದುಕರೊಬ್ಬರು ಮನೆಯ ಚಪ್ಪಲಿಯಲ್ಲೇ ಇಳಿದು ಬಂದರು. ಬೈಯುತ್ತಾರೆಂದು ನಿಂತೆ. ಅವರು ಡಬ್ಬದ ಮೇಲಿನ ಬರಹ ತೋರಿಸಿದರು, ನನ್ನ ಮುಖ ನೋಡಿದರು, ಎರಡೂ ಅಂಗೈ ಸೇರಿಸಿ ಕೆನ್ನೆಗಿಟ್ಟು ನಿದ್ದೆಯ ಅಭಿನಯ ಮಾಡಿದರು. ಇವತ್ತು ಊರಿಗೆಲ್ಲ ವಿಶ್ರಾಂತಿ ಎಂದರ್ಥ. ಉಳಿದ ಸೀಸೆಗಳ ಚೀಲದ ಒಂದು ಕಿವಿ ತಾವೇ ಹಿಡಿದು ಮನೆಯ ಬಾಗಿಲ ತನಕ ತಂದುಕೊಟ್ಟರು.

ತಪ್ಪನ್ನು ತಪ್ಪೆಂದು ಹೇಳುತ್ತಾರೆ, ಹೇಳಿದ ಮೇಲೆ ಚೀಲವನ್ನೂ ಹಿಡಿಯುತ್ತಾರೆ. ನಮ್ಮಲ್ಲಿ ಹೀಗೆ ಇಲ್ಲವೆಂದಲ್ಲ. ನನ್ನಲ್ಲಿ ಇರಲಿಲ್ಲ.

ಫ್ರಾವ್ ಕೆಲ್ಲರ್ ಕೋಣೆ, ಸೋಮವಾರ

ತಿಪ್ಪಿ ಕೆಲಸ ಮಾಡುವುದು ವಯಸ್ಸಾದವರಿರುವ ಒಂದು ದೊಡ್ಡ ಮನೆಯಲ್ಲಿ. ಅಲ್ಲಿ ಎಲ್ಲರೂ ಅವಳನ್ನು 'ಟಿಪ್ಪಿ' ಎನ್ನುತ್ತಾರೆ. ಬೆಳಿಗ್ಗೆ ಅವಳು ಒಂದೊಂದು ಕೋಣೆಗೆ ಹೋಗುವುದನ್ನು ನೋಡಿದೆ. ಒಬ್ಬರ ಕಿವಿಯ ಯಂತ್ರ, ಇನ್ನೊಬ್ಬರ ಕಾಲುಚೀಲ, ಮತ್ತೊಬ್ಬರ ಅಂಗಿಯ ಗುಂಡಿ. ಅದೇ ಬೆರಳುಗಳು.

ಕೊನೆಯ ಕೋಣೆಯಲ್ಲಿ ಫ್ರಾವ್ ಕೆಲ್ಲರ್ ಇದ್ದರು. ಫ್ರಾವ್ ಎಂದರೆ ಅಮ್ಮನವರು ಎಂದ ಹಾಗೆ. ನಲವತ್ತು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವರು. ತಿಪ್ಪಿ ಮೂರು ವರ್ಷದಿಂದ ಅವರಿಗೆ ಮಾತ್ರೆ ಕೊಡುತ್ತಾಳೆ, ಅವರು ಅವಳಿಗೆ ವ್ಯಾಕರಣ ಕೊಡುತ್ತಾರೆ. ನಾನು ಹೋದಾಗ ಅವರ ಮೇಜಿನ ಮೇಲೆ ಒಂದು ಅರ್ಜಿ ಇತ್ತು.

"ಅದೇನು ಕಾಗ್ದ?" ಎಂದೆ.

"ಏನಿಲ್ಲ ಬಿಡಣ್ಣ. ಇನ್ನೂ ಮ್ಯಾಲಿನ ಟ್ರೈನಿಂಗ್ ಐತಂತೆ, ಮಾಡಿದ್ರೆ ಇಡೀ ಅಂತಸ್ತು ನನ್ನ ಕೈಗೆ ಕೊಡ್ತಾರಂತೆ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕಡೆ. ಈ ಅಜ್ಜಿ ದಿನಾ ಇದೇ ಹಠ."

"ಹಾಕು ಮತ್ತೆ."

"ಚಳ್ಳಕೆರೆ ಕಾಲೇಜಿಗೇ ಸಾಲದ ಮಾರ್ಕ್ಸಣ್ಣ ನಂದು. ಜರ್ಮನ್ರ ಮುಂದೆ ಪರೀಕ್ಷೆ ಬರೀತೀನಾ?" ಎಂದು ದಿಂಬು ಸರಿಮಾಡಲು ತಿರುಗಿದಳು.

ನನ್ನ ಸುಳ್ಳು ನನಗಿಂತ ಮೊದಲೇ ವಿಮಾನ ಹತ್ತಿ ಬಂದು ಈ ಕೋಣೆಯಲ್ಲಿ ಕೂತಿತ್ತು. ಅವಳು ಅದನ್ನು ತನ್ನ ಅಳತೆ ಎಂದೇ ನಂಬಿದ್ದಳು.

ಫ್ರಾವ್ ಕೆಲ್ಲರ್ ನನ್ನನ್ನು ಕೂರಿಸಿ, ಶಾಲೆ ಎಷ್ಟಾಗಿದೆ ಎಂದು ಕೇಳಿದರು. ತಿಪ್ಪಿ ಅತ್ತಿಂದಿತ್ತ ತರ್ಜುಮೆ ಮಾಡುತ್ತಿದ್ದಳು. ಏಳನೇ ಕ್ಲಾಸು ಎಂದೆ. ಯಾಕೆ ಬಿಟ್ಟಿರಿ? ನನಗೆ ನಗು ಬಂತು. "ಸಂಬಂಧಾರ್ಥಕಾವ್ಯಯ ಅನ್ನೋದು ಬಾಯಲ್ಲಿ ತಿರುಗಲಿಲ್ಲ ಅಂತ ಹೇಳು." 'ಮತ್ತು', 'ಆದರೆ', 'ಅಥವಾ' ಇಂಥ ಮಾತುಗಳಿಗೆ ನಮ್ಮ ವ್ಯಾಕರಣದ ಹೆಸರು ಅದು. ಮೇಷ್ಟರು ಮೂರು ದಿನ ಬೆಂಚಿನ ಮೇಲೆ ನಿಲ್ಲಿಸಿದ್ದರು, ನಾಲ್ಕನೆಯ ದಿನ ನಾನು ಮಗ್ಗಕ್ಕಿಳಿದೆ. ಮುಂದೆ ತಿಪ್ಪಿ ಎಳೆ ಹೊಸೆಯುತ್ತ ಅದೇ ಮಾತನ್ನು ಹಾಡಿನಂತೆ ಹೇಳುತ್ತಿದ್ದಳು. ನನ್ನ ಹೊಟ್ಟೆಕಿಚ್ಚಿನ ಮೂಲ ಅಲ್ಲಿತ್ತು.

ಫ್ರಾವ್ ಕೆಲ್ಲರ್ ನಗಲಿಲ್ಲ. ಹಾಳೆಯ ಮೇಲೆ ಒಂದು ಉದ್ದದ ಪದ ಬರೆದು, ನಡುವೆ ಗೆರೆ ಎಳೆದರು. ಬಿಂಡೆ, ವೋರ್ಟ್. ವೋರ್ಟ್ ಎಂದರೆ ಮಾತು. ಬಿಂಡೆ ಎಂದರೆ ಕಟ್ಟು. ಕಟ್ಟುವ ಮಾತು. ದೊಡ್ಡ ಪುಸ್ತಕಗಳಲ್ಲಿ ಇದಕ್ಕೆ ಲ್ಯಾಟಿನ್ನಿನ ಹೆಸರಿದೆಯಂತೆ, ಕೊನ್ಯುಂಕ್ತ್ಸಿಯೋನ್. ಬಹಳ ಹಿಂದೆ ಇಲ್ಲಿಯ ಪಂಡಿತರು, ಮಕ್ಕಳಿಗೆ ಮನೆಯ ಮಾತಿನಲ್ಲೇ ವ್ಯಾಕರಣ ತಿಳಿಯಲಿ ಎಂದು ಅಂಥ ಹೆಸರುಗಳನ್ನೆಲ್ಲ ಬಿಡಿಸಿ ಮನೆಯ ಮಾತಿನಲ್ಲಿ ಮತ್ತೆ ಕಟ್ಟಿದರಂತೆ. ಕ್ರಿಯಾಪದ ಅವರಲ್ಲಿ 'ಹೊತ್ತಿನ ಮಾತು', ತ್ಸೈಟ್‌ವೋರ್ಟ್, ಯಾಕೆಂದರೆ ಆದದ್ದೋ ಆಗುವುದೋ ಎಂದು ಹೊತ್ತು ಹೇಳುವುದು ಅದೇ. ತೀರಾ ಚಿಕ್ಕವರಿಗೆ ಅದೇ 'ಮಾಡುವ ಮಾತು', ಟೂವೋರ್ಟ್. ನಾಮಪದ 'ತಲೆ ಮಾತು', ಹೌಪ್ಟ್‌ವೋರ್ಟ್.

ನಾನು ಬೆರಗಾಗಿ ಕೂತೆ. ಎರಡು ಸಾದಾ ಮಾತನ್ನು ತುದಿಗೆ ತುದಿ ಕೂಡಿಸಿ ಒಂದು ಹೊಸ ಮಾತು ಮಾಡಿದ್ದಾರೆ, ಕೂಡಿಸಿದ ಜಾಗವೂ ಕಾಣುತ್ತದೆ, ಎಳೆದರೆ ಬಿಡುವುದೂ ಇಲ್ಲ. ಅಡುಗೆಮನೆಯಲ್ಲಿ ಸಿಗುವ ಮಾತುಗಳಿಂದ ಇಡೀ ವ್ಯಾಕರಣ ನೇಯ್ದ ಜನರ ಮೇಲೆ ನನಗೆ ಗೌರವ ಬಂತು. ಇಂಥದ್ದು ನನ್ನ ಕೈಗೆ ಸಿಕ್ಕಿದ್ದರೆ ಇನ್ನೆರಡು ಕ್ಲಾಸು ನಿಲ್ಲುತ್ತಿದ್ದೆನೋ ಏನೋ.

ಅವರು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆಸಿದರು. ಮಾತುಗಳ ಬೇರು ಹೇಳುವ ಪುಸ್ತಕ. 'ಬಿಂಡೆ'ಯ ಬೇರಿನ ಮೇಲೆ ಬೆರಳಿಟ್ಟು ಏನೋ ಹೇಳಿದರು. ತಿಪ್ಪಿ ತರ್ಜುಮೆ ಮಾಡದೆ ಪುಸ್ತಕಕ್ಕೇ ಬಗ್ಗಿದಳು.

"ಅಣ್ಣ! ಇವ್ರ ಬಿಂಡೆನೂ ಸಂಸ್ಕೃತದ ಬಂಧನೂ ಒಂದೇ ಬೇರಂತೆ. ಹಂಗಾದ್ರೆ ನಮ್ಮ ಸಂಬಂಧಾರ್ಥಕಾವ್ಯಯದ ಹೊಟ್ಟೆಯೊಳಗೂ ಇದೇ ಕೂತೈತಲ್ಲಣ್ಣ. ಸಂ-ಬಂಧ! ನೀನು ಹೆದರ್ಕಂಡಿದ್ದು ಇದಕ್ಕೇ!"

ಅವಳ ಮುಖ ಎಸ್ಸೆಸ್ಸೆಲ್ಸಿಯ ಫಲಿತಾಂಶ ಬಂದ ದಿನದ ಹಾಗೆ ಬೆಳಗಿತ್ತು. ಫ್ರಾವ್ ಕೆಲ್ಲರ್ ಅವಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. ತಿಪ್ಪಿ ಮುಜುಗರದಿಂದ ಅದನ್ನು ನನಗೆ ಹೇಳಬೇಕಾಯಿತು.

"ನಿಮ್ಮ ತಂಗಿ ದಡ್ಡಿಯಾಗಿದ್ಲಾ ಅಂತ ಕೇಳ್ತಾರೆ."

"ಚೆನ್ನಾಗಿ ಓದ್ತಿದ್ಲು ಅಂತ ಹೇಳು."

"ಕಾಲೇಜಿನ ಕಥೆ ಇವ್ರಿಗೆ ಹೇಳಿದ್ದೆ. ಮತ್ತೆ ಕಾಲೇಜಿನೋರು ಯಾಕೆ ಬ್ಯಾಡ ಅಂದ್ರು ಅಂತ ಕೇಳ್ತಾರೆ."

ನಿಜ ಬಾಯಿಯ ತನಕ ಬಂತು. ಗೋಡೆಯ ಮೇಲೆ ಯಾವುದೋ ಮಕ್ಕಳ ತರಗತಿಯ ಫೋಟೋ ಇತ್ತು. ಅದನ್ನು ನೋಡುತ್ತ, "ನಂಗೆ ಗೊತ್ತಿಲ್ಲ" ಎಂದೆ. ಎರಡನೆಯ ಸಲ ಅದೇ ಅರ್ಜಿಯನ್ನು ಸುಟ್ಟೆ.

ನದಿಯ ದಂಡೆ, ಬುಧವಾರ

ರಜೆಯಿದ್ದ ದಿನ ತಿಪ್ಪಿ ನದಿಯ ದಂಡೆಗೆ ಕರೆದೊಯ್ದಳು. ನಮ್ಮ ಕಡೆಯ ಉಳ್ಳಾರ್ತಿ ಕಾವಲಿನ ಒಣಹುಲ್ಲು ನೋಡಿ ಬೆಳೆದ ಕಣ್ಣಿಗೆ ಅಷ್ಟೊಂದು ಹಸಿರು ಕೊಂಚ ದುಂದು ಎನ್ನಿಸಿತು. ನಡೆಯುತ್ತಿದ್ದಾಗ ಅವಳಿಗೆ ಹಲ್ಲುನೋವು ಬಂದು, ದಾರಿಯಲ್ಲೇ ಒಬ್ಬ ಹಲ್ಲಿನ ಡಾಕ್ಟರ ಬಳಿ ಹೋದೆವು. ಕಾಯುವ ಕೋಣೆಯಲ್ಲಿ ಒಂದು ಪದ್ಧತಿ ಕಂಡೆ. ಒಳಗೆ ಬಂದವರು ಯಾರೇ ಆಗಲಿ, ಕುಳಿತವರಿಗೆಲ್ಲ "ಗೂಟನ್ ಟಾಗ್" ಎನ್ನುತ್ತಾರೆ, ನಮಸ್ಕಾರ ಎಂದ ಹಾಗೆ. ಗುರುತಿಲ್ಲ, ಪರಿಚಯವಿಲ್ಲ. ಕುಳಿತವರೆಲ್ಲ ತಿರುಗಿ ಹೇಳುತ್ತಾರೆ, ಆಮೇಲೆ ಎಲ್ಲರೂ ಮೌನ. ಕೆನ್ನೆ ಊದಿದವರೂ ಹೇಳಿದರು. ನನಗೆ ಎಷ್ಟು ಹಿಡಿಸಿತೆಂದರೆ, ನೀರು ಕುಡಿಯುವ ನೆಪದಲ್ಲಿ ಎರಡು ಸಲ ಹೊರಗೆ ಹೋಗಿ ಬಂದು ಹೇಳಿದೆ.

"ಸಾಕು ಕೂತ್ಕಳಣ್ಣ, ಹಲ್ಲು ಕೀಳೋಕೆ ನಿನ್ನೇ ಒಳಗೆ ಕರೀತಾರೆ ಈಗ" ಎಂದು ತಿಪ್ಪಿ ಅಂಗಿ ಹಿಡಿದು ಎಳೆದಳು.

ಗುರುತಿಲ್ಲದವರಿಗೆ ಹೇಳಲು ನಾಲಗೆ ಎಷ್ಟು ಸಲೀಸಾಗಿ ತಿರುಗಿತು! ವಾಪಸು ಬರುವಾಗ ಸೇತುವೆಯ ಮೇಲೆ ನಿಂತು, "ತಿಪ್ಪಿ, ಆ ಅರ್ಜಿ..." ಎಂದೆ.

"ಬ್ಯಾಡಣ್ಣ. ಒಂದ್ಸಲ ಆಗಲ್ಲ ಅನ್ನಿಸ್ಕಂಡಿದ್ದು ಸಾಕು" ಎಂದು ಮುಂದೆ ನಡೆದಳು. ನಾನು ಹಿಂದೆ ನಡೆದೆ.

ಶುಕ್ರವಾರ

ಹತ್ತೂವರೆಗೆ ಫ್ರಾವ್ ಕೆಲ್ಲರ್ ಕೋಣೆಯಲ್ಲಿದ್ದೆವು. ಅರ್ಜಿ ಮೇಜಿನ ಮೇಲೇ ಇತ್ತು. ಎಲ್ಲ ತುಂಬಿದೆ, ಸಹಿ ಇಲ್ಲ. ಅವರು ನನ್ನ ಬೂದಿಯ ಕಥೆ ಕೇಳಿದ್ದರು. ತಮ್ಮ ಹೆಣಿಗೆಯ ಉಣ್ಣೆ ಎಳೆ ಹರಿದಿದೆ, ಕೂಡಿಸಿಕೊಡಿ ಎಂದರು. ಸೊಂಟದಿಂದ ಕಾಗದ ತೆಗೆದು ಬಿಚ್ಚಿದೆ. ಬೆರಳಿಗೆ ಬೂದಿ ಮುಟ್ಟಿಸಿ ಹೊಸೆದು ಕೊಟ್ಟೆ.

"ಬಿಂಡೆ?" ಎಂದರು ಅವರು, ಕಟ್ಟಿದಿರಾ ಎಂದು.

"ಕಟ್ಟಲಿಲ್ಲ ಅಂತ ಹೇಳು ತಿಪ್ಪಿ, ಹೊಸೆದೆ. ಕಟ್ಟಿದ್ರೆ ಗಂಟು ಉಳೀತದೆ, ಎಲ್ಲೋ ಒಂದ್ಕಡೆ ಸಿಕ್ಕಾಕ್ಕಂತದೆ ಅಂತ ಹೇಳು."

ಅವಳು ಹೇಳಿದಳು. ನನ್ನ ಬೆರಳಿನಲ್ಲಿ ಬೂದಿ ಹಾಗೇ ಇತ್ತು. ಆ ಬೂದಿಯನ್ನು ನೋಡುತ್ತ ನನಗೆ ಇನ್ನು ಕೂತಿರಲಾಗಲಿಲ್ಲ.

"ಇನ್ನೊಂದು ಮಾತೈತೆ. ನಾನು ಹೇಳ್ದಂಗೇ ಅವ್ರಿಗೆ ಹೇಳು. ಸೋಮವಾರ ಕೇಳಿದ್ರಲ್ಲ, ಕಾಲೇಜಿನೋರು ಯಾಕೆ ಬ್ಯಾಡ ಅಂದ್ರು ಅಂತ. ಅವ್ರು ಬ್ಯಾಡ ಅನ್ನಲಿಲ್ಲ."

ತಿಪ್ಪಿ ಅಭ್ಯಾಸಬಲದಿಂದ ಅದನ್ನೂ ಜರ್ಮನ್ನಿನಲ್ಲಿ ಹೇಳಿಬಿಟ್ಟಳು. ಆಮೇಲೆ ನನ್ನ ಮುಖ ನೋಡಿದಳು.

"ಆವತ್ತು ನಾನು ಕಾಲೇಜಿಗೆ ಹೋಗ್ಲೇ ಇಲ್ಲ. ಬಸ್‌ಸ್ಟ್ಯಾಂಡಲ್ಲಿ ಕೂತಿದ್ದು ಬಂದೆ. ನಿನ್ನ ಅರ್ಜಿನ ಒಲೆಗೆ ಹಾಕ್ದೆ. ಎಳೆ ಕೂಡ್ಸೋರು ಇರಲ್ಲ ಅಂತ. ನಂಗೆ ಬರದೇ ಇದ್ದಿದ್ದು ನಿಂಗೆ ಬರ್ತಿತ್ತಲ್ಲ, ಅದಕ್ಕೂ."

ಅವಳು ತರ್ಜುಮೆ ಮಾಡಲಿಲ್ಲ. ನಾನು ಏನು ಹೇಳಿದೆನೆಂದು ಫ್ರಾವ್ ಕೆಲ್ಲರ್ ಅವಳನ್ನು ಎರಡು ಸಲ ಕೇಳಿದರು. ತಿಪ್ಪಿ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಬೆನ್ನು ಕಾಣುತ್ತಿತ್ತು. ಅಂಗಿಯ ತುದಿಯನ್ನು ಬೆರಳುಗಳಲ್ಲಿ ಹೊಸೆಯುತ್ತಿದ್ದಳು.

"ನನ್ನ ಮಾರ್ಕ್ಸು?"

"ಸಾಕಾಗಿ ಮಿಗ್ತಿದ್ವು."

"ಹದಿನೆಂಟು ವರ್ಷ, ಅಣ್ಣ."

ಹೊರಗೆ ಯಾರೋ ಗಂಟೆ ಒತ್ತಿ ಕರೆದರು. ಅವಳು ಕಣ್ಣೊರೆಸಿಕೊಂಡು ಹೊರಟುಹೋದಳು. ಗೋಡೆಯ ಗಡಿಯಾರ ಹನ್ನೊಂದು ದಾಟಿತು. ಇನ್ನು ಈ ಮನೆಯಲ್ಲಿ ನನಗೆ ಅನ್ನ ನೀರು ಇಲ್ಲ ಎಂದುಕೊಂಡೆ. ಫ್ರಾವ್ ಕೆಲ್ಲರ್ ತಮ್ಮ ಬಟ್ಟಲಿನ ಬಿಸ್ಕತ್ತುಗಳಲ್ಲಿ ಒಂದನ್ನು ನನ್ನ ಕಡೆ ತಳ್ಳಿದರು.

ತಿಪ್ಪಿ ವಾಪಸು ಬಂದಳು. ನನ್ನ ಕಡೆ ನೋಡದೆ ಪೆನ್ನು ತೆಗೆದು ಸಹಿ ಹಾಕಿದಳು. ಕಾಗದವನ್ನು ನನ್ನ ಮುಂದೆ ಹಿಡಿದಳು.

"ನಂಗೆ ಡ್ಯೂಟಿ ಬಿಟ್ಟು ಹೋಗಂಗಿಲ್ಲ. ಆಫೀಸು ಸೇತುವೆ ಆಚೆ, ಹಳದಿ ಗೋಡೆ, ಮ್ಯಾಲಿನ ಮಾಳಿಗೆ. ನೀನೇ ಕೊಟ್ಟು ಬಾ."

ಕಾಗದಕ್ಕೆ ನನ್ನ ಬೆರಳಿನ ಬೂದಿ ಹತ್ತದಿರಲೆಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಡಿದೆ. ಓಡಲಿಲ್ಲ, ಆದರೆ ಅಷ್ಟು ಬಿರುಸಾಗಿ ನಾನು ಎಂದೂ ನಡೆದಿಲ್ಲ. ಸೇತುವೆಯ ತುದಿಯಲ್ಲಿ ಕೆಂಪು ದೀಪ. ಒಂದೂ ವಾಹನವಿಲ್ಲ, ಆದರೂ ಎಲ್ಲರೂ ನಿಂತಿದ್ದರು. ನಾನೂ ನಿಂತೆ. ಈ ಅರ್ಜಿಯ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪು ಆಗಬಾರದಿತ್ತು.

ಹಳದಿ ಗೋಡೆ, ಮೇಲಿನ ಮಾಳಿಗೆ. ಒಳಗೆ ಐದಾರು ಜನ ಕುಳಿತಿದ್ದರು. "ಗೂಟನ್ ಟಾಗ್" ಎಂದೆ. ಎಲ್ಲರೂ ತಿರುಗಿ ಹೇಳಿದರು. ಕಿಟಕಿಯ ಹಿಂದಿನ ಹೆಂಗಸಿಗೆ ಅರ್ಜಿ ಕೊಟ್ಟೆ. ಆಕೆ ಹೆಸರು ಓದಿ ನನ್ನನ್ನು ನೋಡಿ ಏನೋ ಕೇಳಿದರು. "ತಂಗಿ" ಎಂದೆ. ಆ ಹೊತ್ತಿಗೆ ನನ್ನ ಬಾಯಿಗೆ ಬಂದ ಮಾತು ಅದೊಂದೇ. ಅವರಿಗೆ ಏನು ತಿಳಿಯಿತೋ, ತಲೆಯಾಡಿಸಿ ಅರ್ಜಿಯ ಮೇಲೆ ಠಸ್ಸೆ ಒತ್ತಿದರು. ನಾನು ಕದಲಲಿಲ್ಲ. ಠಸ್ಸೆಯ ಕಡೆ ಬೆರಳು ತೋರಿಸಿ, ನನ್ನ ಅಂಗೈ ಚಾಚಿದೆ. ಅವರು ನಕ್ಕು, ಅದರದೊಂದು ಪ್ರತಿ ತೆಗೆದು, ಅದಕ್ಕೂ ಒತ್ತಿ ಕೊಟ್ಟರು. ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ವಾಪಸು ಬಂದಾಗ ತಿಪ್ಪಿ ಆ ದೊಡ್ಡ ಮನೆಯ ಬಾಗಿಲಲ್ಲೇ ನಿಂತಿದ್ದಳು. ಡ್ಯೂಟಿಯ ನಡುವೆ ಅಲ್ಲಿ ನಿಲ್ಲುವ ಹಾಗಿರಲಿಲ್ಲ, ನಿಂತಿದ್ದಳು. ಠಸ್ಸೆಯಿದ್ದ ಪ್ರತಿಯನ್ನು ಅವಳ ಕೈಗಿಟ್ಟೆ. ಅವಳು ತನ್ನ ಹೆಸರನ್ನು ಓದಿದಳು, ಠಸ್ಸೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹೋಗಿಬಿಟ್ಟವು. ಉಳಿದದ್ದನ್ನೇ ಹೇಳಿದೆ. ಕೆಳಗಿನ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದ ಅಜ್ಜಂದಿರು ತಲೆಯೆತ್ತಿ ನೋಡುವಷ್ಟು ಜೋರಾಗಿ ಹೇಳಿದೆನಂತೆ.

"ಕೊಟ್ಟು ಬಂದೆ ಕಣಮ್ಮ. ನಂದು ತಪ್ಪಾಯ್ತು, ತಿಪ್ಪಿ."